ಮೊದಲು ಗವಿ, ಆಮೇಲೆ ಗಾಜು

ಅಕ್ವೇರಿಯಂ ಅಂಗಡಿಗೆ ಹೋದವರು ಬಣ್ಣದ ಮೀನುಗಳನ್ನೆಲ್ಲ ಆರಿಸಿಕೊಂಡ ಮೇಲೆ ಕಟ್ಟಕಡೆಗೆ ‘ಒಂದು ಸಕ್ಕರ್ ಕೊಡಿ’ ಎನ್ನುವುದು ವಾಡಿಕೆ. ಗಾಜಿಗೆ ಬಾಯಿ ಒತ್ತಿ ಅಂಟಿಕೊಂಡಿರುವ ಆ ಕಪ್ಪು ಮೀನನ್ನು ಅಂದಕ್ಕೆಂದು ಯಾರೂ ಕೊಳ್ಳುವುದಿಲ್ಲ. ಪಾಚಿ ತಿಂದು ತೊಟ್ಟಿ ಚೊಕ್ಕಟವಾಗಿಡುವ ಸಂಬಳವಿಲ್ಲದ ಆಳು ಎಂದು ಕೊಳ್ಳುತ್ತಾರೆ. ಅದೇ ಮೀನಿನ ಬಳಗಕ್ಕೆ ಸೇರಿದ, ಪಟ್ಟೆ ಚುಕ್ಕೆಗಳ ಸಣ್ಣ ಜಾತಿಗಳು ‘ಪ್ಲೆಕೊ’ ಎಂಬ ಹೆಸರಿನಲ್ಲಿ ದುಬಾರಿ ಬೆಲೆಗೆ ಮಾರಾಟವಾಗುತ್ತವೆ. ಅವುಗಳಿಗಾಗಿ ಬಂಡೆ, ಗವಿಗಳ ‘ನ್ಯಾಚುರಲ್’ ತೊಟ್ಟಿ ಕಟ್ಟುವ ಹವ್ಯಾಸಿಗಳೂ ಇದ್ದಾರೆ. ಆದರೆ ಇಂಥ ಬಹಳಷ್ಟು ತೊಟ್ಟಿಗಳಲ್ಲಿ ಕಲ್ಲು ಕೂರುವುದು ಸೋಫಾದ ಮೇಲೆ ಕುಳಿತವರ ಕಣ್ಣಿಗೆ ಹಿತವಾಗುವ ಹಾಗೆ. ನಡುವೆ ಒಂದು ಬೆಟ್ಟ, ಪಕ್ಕದಲ್ಲಿ ಒಂದು ಕಮಾನು, ಮುಂದೆ ಬಿಳಿ ಮರಳು. ಮೀನು ಅಡಗಲಿ ಎಂದು ಕೊನೆಯಲ್ಲಿ ಎಲ್ಲೋ ಒಂದು ಸಂದು. ಈ ಕ್ರಮವನ್ನು ತಿರುಗುಮುರುಗು ಮಾಡಬೇಕು ಎಂಬುದು ಈ ಲೇಖನದ ವಾದ. ಪ್ಲೆಕೊ ತೊಟ್ಟಿಯ ವಿನ್ಯಾಸ ಗವಿಯಿಂದ ಆರಂಭವಾಗಬೇಕು. ಕಲ್ಲು, ನೀರಿನ ಓಟ, ಬೆಳಕು, ಕೊನೆಗೆ ಗಾಜಿನ ಅಳತೆ ಕೂಡ ಆ ಗವಿಯ ಲೆಕ್ಕದಿಂದಲೇ ಹೊರಡಬೇಕು. ಹಾಗೆ ಮಾಡಿದಾಗ ‘ನೈಸರ್ಗಿಕ’ ಎಂಬ ಮಾತಿಗೆ ನೋಟಕ್ಕಿಂತ ಗಟ್ಟಿಯಾದ ಅರ್ಥವೊಂದು ದಕ್ಕುತ್ತದೆ.

ಇದಕ್ಕೆ ಮೊದಲ ಸಾಕ್ಷಿ ಮೀನಿನ ಮೈಯೇ. ಪ್ಲೆಕೊಗಳು ಲೋರಿಕಾರಿಡೀ ಎಂಬ ಕುಟುಂಬಕ್ಕೆ ಸೇರಿದವು. ಮೀಸೆ ಮೀನುಗಳಲ್ಲೇ ಅತಿ ದೊಡ್ಡ ಕುಟುಂಬವಿದು. ಸಾವಿರಕ್ಕೂ ಹೆಚ್ಚು ಪ್ರಭೇದಗಳಿದ್ದು, ಬಹುಪಾಲು ದಕ್ಷಿಣ ಅಮೆರಿಕದ ನದಿಗಳಲ್ಲಿವೆ. ಸಾಮಾನ್ಯ ಮೀನಿನ ಮೈಮೇಲೆ ಹುರುಪೆ ಇದ್ದರೆ ಇವುಗಳ ಮೈಮೇಲೆ ಎಲುಬಿನ ಫಲಕಗಳ ಸಾಲು, ಕವಚ ತೊಟ್ಟ ಹಾಗೆ. ಹೊಟ್ಟೆ ಚಪ್ಪಟೆ, ಬಾಯಿ ತಲೆಯ ಅಡಿಯಲ್ಲಿ. ತುಟಿಗಳು ಬಟ್ಟಲಿನಂತೆ ಹರಡಿ ಬಂಡೆಗೆ ಕಚ್ಚಿಕೊಳ್ಳುತ್ತವೆ; ಹರಿವು ಎಷ್ಟೇ ಜೋರಿದ್ದರೂ ಮೀನು ಕದಲುವುದಿಲ್ಲ. ಹಲವು ಜಾತಿಗಳಿಗೆ ಕೆನ್ನೆಯ ಮೇಲೆ ಮುಳ್ಳಿನ ಕಂತೆ ಇರುತ್ತದೆ. ಹೆದರಿದಾಗ ಬೆನ್ನಿನ ಮತ್ತು ಎದೆಯ ಈಜುರೆಕ್ಕೆಗಳ ಮುಳ್ಳನ್ನೂ ಕೆನ್ನೆಯ ಮುಳ್ಳನ್ನೂ ನಿಗುರಿಸಿ ಸಂದಿನಲ್ಲಿ ಬೆಣೆ ಹೊಡೆದಂತೆ ಕೂತುಬಿಡುತ್ತದೆ, ಎಳೆದರೂ ಬಾರದು. ಕಣ್ಣಿನಲ್ಲಿ ಇನ್ನೊಂದು ವಿಶೇಷವಿದೆ. ಪಾಪೆಯ ಮೇಲ್ಭಾಗದಿಂದ ಸಣ್ಣ ಪರದೆಯೊಂದು ಇಳಿದಿರುತ್ತದೆ. ಬೆಳಕು ಹೆಚ್ಚಾದಾಗ ಅದು ಹಿಗ್ಗಿ, ದುಂಡಗಿನ ಪಾಪೆ ಕುದುರೆ ಲಾಳದಂಥ ಬಿರುಕಾಗುತ್ತದೆ. ಕತ್ತಲಾದರೆ ಪರದೆ ಕುಗ್ಗಿ ಕಣ್ಣು ಪೂರ್ತಿ ತೆರೆಯುತ್ತದೆ. ಇವನ್ನೆಲ್ಲ ಒಟ್ಟಿಗಿಟ್ಟು ನೋಡಿದರೆ ಈ ದೇಹ ಬಯಲಿನಲ್ಲಿ ಈಜಾಡಲು ಆದದ್ದಲ್ಲ, ಹರಿಯುವ ನೀರಿನಡಿಯ ಇಕ್ಕಟ್ಟಾದ ಕತ್ತಲ ಸಂದಿನಲ್ಲಿ ಒಗ್ಗಿಕೊಂಡು ಬಾಳಲು ಆದದ್ದು ಎಂಬುದು ಸ್ಪಷ್ಟ. ಸಂದಿಲ್ಲದ ತೊಟ್ಟಿಯಲ್ಲಿ ಅದರ ಅರ್ಧ ಅಂಗಗಳಿಗೆ ಕೆಲಸವೇ ಇಲ್ಲ.

ಎರಡನೆಯ ಸಾಕ್ಷಿ ಅದರ ಊರು. ಉದಾಹರಣೆಗೆ ಪ್ಲೆಕೊಗಳಲ್ಲಿ ಅತಿ ಹೆಸರುವಾಸಿಯಾದ ಜೀಬ್ರಾ ಪ್ಲೆಕೊವನ್ನೇ ತೆಗೆದುಕೊಳ್ಳೋಣ. ಬಿಳಿ ಮೈಮೇಲೆ ಕಪ್ಪು ಪಟ್ಟೆ, ಗೇಣುದ್ದಕ್ಕೂ ಬೆಳೆಯದ ಪುಟ್ಟ ಮೀನು. 1988ರಲ್ಲಿ ಜರ್ಮನಿಯ ‘ಡಾಟ್ಸ್’ ಎಂಬ ಅಕ್ವೇರಿಯಂ ಪತ್ರಿಕೆ, ಇನ್ನೂ ವೈಜ್ಞಾನಿಕ ಹೆಸರಿಲ್ಲದ ಪ್ಲೆಕೊಗಳಿಗೆ ಎಲ್ ಅಕ್ಷರ ಸೇರಿಸಿ ಸಂಖ್ಯೆ ಕೊಡುವ ಪದ್ಧತಿ ಆರಂಭಿಸಿತು. ಅದರಲ್ಲಿ ಇದು ಎಲ್-46. 1991ರಲ್ಲಿ ಹೈಪಾನ್ಸಿಸ್ಟ್ರಸ್ ಜೀಬ್ರಾ ಎಂಬ ಹೆಸರು ಸಿಕ್ಕಿತು. ಇಡೀ ಭೂಮಿಯಲ್ಲಿ ಇದರ ನೆಲೆ ಒಂದೇ: ಬ್ರೆಜಿಲ್‌ನ ಪಾರಾ ರಾಜ್ಯದಲ್ಲಿ, ಅಮೆಜಾನ್ ಸೇರುವ ಮುನ್ನ ಶಿಂಗು ನದಿ ಆಲ್ಟಮಿರಾ ಪಟ್ಟಣದ ಬಳಿ ದೊಡ್ಡದಾಗಿ ಬಳಸಿ ಹರಿಯುವ ಭಾಗ. ಅಲ್ಲಿನವರು ಅದನ್ನು ವೋಲ್ಟಾ ಗ್ರಾಂಡೆ, ಅಂದರೆ ಮಹಾ ತಿರುವು ಎನ್ನುತ್ತಾರೆ. ನದಿ ಅಲ್ಲಿ ಹಾಯುವುದು ಬ್ರೆಜಿಲ್‌ನ ಅತಿ ಪುರಾತನ ಬಂಡೆಗಳ ಮೇಲೆ. ಹೂಳು ತೀರ ಕಡಿಮೆ, ನೀರು ತಿಳಿ, ಓಟ ಬಿರುಸು. ಬಂಡೆಗಳ ನಡುವೆ ಸೀಳು, ಪೊಟರೆ, ಕೊರಕಲುಗಳು ಲೆಕ್ಕವಿಲ್ಲದಷ್ಟು. ನೀರಿನ ಬಿಸಿ 30 ಡಿಗ್ರಿಯ ಆಸುಪಾಸು. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9.1 ಮಿಲಿಗ್ರಾಂ ಇರಬಲ್ಲದು, 30 ಡಿಗ್ರಿಯಲ್ಲಿ ಸುಮಾರು 7.5. ಆ ಕೊರತೆಯನ್ನು ಶಿಂಗುವಿನಲ್ಲಿ ತುಂಬಿಕೊಡುವುದು ಬಂಡೆಗೆ ಬಡಿದು ನೊರೆಯೇಳುವ ಹರಿವು. ಕಲ್ಲು, ಕತ್ತಲು, ಓಡುವ ನೀರು ಈ ಮೂರೂ ಅಲ್ಲಿ ಬೇರೆಬೇರೆಯಲ್ಲ. ಒಂದರ ಬೆನ್ನಿಗೆ ಇನ್ನೊಂದು. ತೊಟ್ಟಿಯಲ್ಲಿ ಕಲ್ಲನ್ನಷ್ಟೇ ತಂದು ಓಟವನ್ನು ಬಿಟ್ಟರೆ ನಾವು ತಂದದ್ದು ನದಿಯ ಭಾವಚಿತ್ರ ಮಾತ್ರ.

ಮೂರನೆಯ ಸಾಕ್ಷಿ ಎಲ್ಲಕ್ಕಿಂತ ಬಲವಾದದ್ದು. ಅದು ಗವಿಯೊಳಗೆ ನಡೆಯುವ ಸಂಸಾರ. ಜೀಬ್ರಾ ಪ್ಲೆಕೊ, ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಬ್ರಿಸಲ್‌ನೋಸ್ ಪ್ಲೆಕೊ, ಇವೆರಡರಲ್ಲೂ ಗವಿ ಗಂಡಿನ ಆಸ್ತಿ. ಗಂಡು ಒಂದು ಪೊಟರೆ ಹಿಡಿಯುತ್ತದೆ. ಇನ್ನೊಂದು ಗಂಡು ಬಂದರೆ ಕೆನ್ನೆಯ ಮುಳ್ಳು ಕೆದರಿ ಅಟ್ಟುತ್ತದೆ. ಹೆಣ್ಣು ಒಳಹೊಕ್ಕಾಗ ಜೀಬ್ರಾ ಗಂಡು ಬಾಗಿಲಿಗೆ ಅಡ್ಡ ನಿಂತು, ಮೊಟ್ಟೆ ಇಡುವ ತನಕ ಹೊರಗೆ ಬಿಡದೇ ಇರುವುದೂ ಉಂಟು. ಮೊಟ್ಟೆ ಇಟ್ಟ ಹೆಣ್ಣು ಹೊರಟುಹೋಗುತ್ತದೆ, ಬಾಣಂತನವೆಲ್ಲ ಗಂಡಿನದು. ಜೀಬ್ರಾದಲ್ಲಿ ಒಂದು ಸಲಕ್ಕೆ ಸಾಮಾನ್ಯವಾಗಿ ಹತ್ತು ಹದಿನೈದು ಮೊಟ್ಟೆ. ಬ್ರಿಸಲ್‌ನೋಸ್‌ನಲ್ಲಿ ಹತ್ತಾರು, ಕೆಲವೊಮ್ಮೆ ನೂರನ್ನೂ ದಾಟುತ್ತದೆ. ಕಿತ್ತಳೆ ಬಣ್ಣದ ಆ ಗೊಂಚಲಿನ ಮೇಲೆ ಹೊಟ್ಟೆ ತಾಗಿಸಿ, ತಲೆ ಒಳಗೆ ಬಾಲ ಹೊರಗೆ ಮಾಡಿ, ಗಂಡು ಹಗಲಿರುಳು ರೆಕ್ಕೆ ಬೀಸುತ್ತ ಕೂರುತ್ತದೆ. ಬೀಸಣಿಗೆಯ ಆ ಗಾಳಿ, ಅಲ್ಲ, ಆ ನೀರು, ಮೊಟ್ಟೆಗಳಿಗೆ ಆಮ್ಲಜನಕ ಒದಗಿಸುತ್ತದೆ, ಕೊಳೆ ಕೂರದಂತೆ ನೋಡಿಕೊಳ್ಳುತ್ತದೆ. ಸುಮಾರು ಒಂದು ವಾರದೊಳಗೆ ಮೊಟ್ಟೆ ಒಡೆದು ಮರಿಗಳು ಬಂದರೂ ಹೊಟ್ಟೆಗಂಟಿದ ಹಳದಿ ಬುತ್ತಿ ಮುಗಿಯುವವರೆಗೆ ಅವು ಗವಿಯೊಳಗೆ ಅಪ್ಪನ ಮರೆಯಲ್ಲೇ ಇರುತ್ತವೆ. ಅಷ್ಟು ದಿನವೂ ಗಂಡು ಹೊರಬರುವುದು ಅಪರೂಪ. ಗವಿ ಎಂದರೆ ಇಲ್ಲಿ ಮನೆ, ಹೆರಿಗೆ ಕೋಣೆ, ಕೋಟೆ ಮೂರೂ ಹೌದು.

ಈ ಸಂಸಾರದಿಂದಲೇ ಗವಿಯ ಅಳತೆ ಹುಟ್ಟುತ್ತದೆ. ಅಂಗಡಿಯಲ್ಲಿ ಸಿಗುವ ಅಲಂಕಾರದ ಗುಹೆಗಳು ಸಾಮಾನ್ಯವಾಗಿ ಅಗಲ ಬಾಯಿಯವು, ಎರಡು ಕಡೆ ತೆರೆದವು. ಮನುಷ್ಯನ ಕಣ್ಣಿಗೆ ಗುಹೆ ಎಂದರೆ ಹಾಗೇ ಇರಬೇಕು. ಮೀನಿಗೆ ಅದು ಗಾಳಿ ನುಗ್ಗುವ ಕಮಾನು ಅಷ್ಟೇ. ಅದಕ್ಕೆ ಬೇಕಾದದ್ದು ಒಂದೇ ಬಾಗಿಲು, ಹಿಂದೆ ಗೋಡೆ. ಉದ್ದ ಗಂಡಿನ ಮೈಯ ಒಂದೂವರೆಯಿಂದ ಎರಡರಷ್ಟು; ಅಗಲ ಎದೆಯ ರೆಕ್ಕೆ ಬಿಚ್ಚಿದಾಗ ಆಗುವಷ್ಟಕ್ಕಿಂತ ತುಸು ಹೆಚ್ಚು; ಎತ್ತರ ಬೆನ್ನಿಗೆ ಸೂರು ಹೆಚ್ಚುಕಡಿಮೆ ತಾಗುವಷ್ಟು. ಜೀಬ್ರಾಕ್ಕೆ ಹತ್ತು ಹನ್ನೆರಡು ಸೆಂಟಿಮೀಟರ್ ಉದ್ದ, ಮೂರು ನಾಲ್ಕು ಸೆಂಟಿಮೀಟರ್ ಅಗಲದ ಗವಿ ಸಾಕು. ಇಷ್ಟು ಇಕ್ಕಟ್ಟಾದರೆ ಹಿಂಸೆಯಲ್ಲವೇ ಎನಿಸಬಹುದು. ಆದರೆ ಬಾಗಿಲನ್ನು ತನ್ನ ಮೈಯಿಂದಲೇ ಮುಚ್ಚಲಾಗದ ಗಂಡು ಮೊಟ್ಟೆಯನ್ನು ಕಾಯಲಾರದು. ಬೀಸಿದ ನೀರು ಗೊಂಚಲನ್ನು ಮುಟ್ಟದೆ ವಿಶಾಲ ಕೋಣೆಯಲ್ಲಿ ಕರಗಿಹೋಗುತ್ತದೆ. ಗವಿಗಳ ಸಂಖ್ಯೆಯೂ ಗಂಡುಗಳಿಗಿಂತ ಹೆಚ್ಚಿರಬೇಕು. ನಾಲ್ಕು ಗಂಡಿಗೆ ನಾಲ್ಕೇ ಗವಿ ಇದ್ದರೆ ಅವುಗಳಲ್ಲಿ ಒಳ್ಳೆಯದೊಂದಕ್ಕಾಗಿ ಜಗಳ ತಪ್ಪದು. ಏಳೆಂಟಿದ್ದರೆ ಸೋತವನಿಗೆ ಹೋಗಲು ಜಾಗವಿರುತ್ತದೆ. ಒಂದರ ಬಾಗಿಲು ಇನ್ನೊಂದಕ್ಕೆ ಎದುರಾಗದಂತೆ ಜೋಡಿಸಿದರೆ ಅರ್ಧ ಜಗಳ ಅಲ್ಲಿಗೇ ನಿಲ್ಲುತ್ತದೆ.

ಇನ್ನು ಕಲ್ಲಿನ ಆಯ್ಕೆ. ಕರ್ನಾಟಕದ ಹವ್ಯಾಸಿಗೆ ಇಲ್ಲೊಂದು ಅನುಕೂಲವಿದೆ, ಒಂದು ಎಡವಟ್ಟೂ ಇದೆ. ದಕ್ಷಿಣ ಕರ್ನಾಟಕದ ಗ್ರಾನೈಟ್, ನೈಸ್ ಬಂಡೆಗಳು ಶಿಂಗುವಿನ ತಳದ ಬಂಡೆಗಳಂತೆಯೇ ಅತಿ ಪುರಾತನ, ಗಟ್ಟಿ. ನೀರಿಗೆ ಹೆಚ್ಚೇನನ್ನೂ ಬಿಡುವುದಿಲ್ಲ. ಹೊಲದ ಬದುವಿನಲ್ಲಿ ಸಿಗುವ ಗುಂಡುಕಲ್ಲು, ಬೆಣಚುಕಲ್ಲು ಚೆನ್ನಾಗಿಯೇ ಒದಗುತ್ತವೆ. ಎಡವಟ್ಟು ಚಪ್ಪಡಿಯಲ್ಲಿದೆ. ಗವಿಗೆ ಸೂರು ಹೊದಿಸಲು ಚಪ್ಪಟೆ ಕಲ್ಲು ಬೇಕೆಂದಾಗ ಕೈಗೆ ಮೊದಲು ಸಿಗುವುದು ಕಲಬುರಗಿ ಕಡೆಯ ಶಹಾಬಾದ್ ಕಲ್ಲು ಅಥವಾ ಅಡುಗೆಮನೆ ಕಟ್ಟೆಯಿಂದ ಉಳಿದ ಕಡಪ ಕಲ್ಲು. ಎರಡೂ ಸುಣ್ಣದ ಕಲ್ಲುಗಳೇ. ಮೆದು ನೀರಿನ ಮೀನಿಗಾಗಿ ಕಟ್ಟಿದ ತೊಟ್ಟಿಯಲ್ಲಿ ಅವು ನಿಧಾನವಾಗಿ ಕರಗಿ ನೀರನ್ನು ಗಡಸು ಮಾಡುತ್ತವೆ. ಕೊಳವೆಬಾವಿಯ ನೀರಾದರೆ ಮೊದಲೇ ಗಡಸು, ಅದರ ಮೇಲೆ ಇದೊಂದು. ಸಂಶಯ ಬಂದ ಕಲ್ಲನ್ನು ಒಣಗಿಸಿ, ಮೇಲ್ಮೈ ಸ್ವಲ್ಪ ಗೀರಿ ವಿನೆಗರ್ ಹನಿಸಿದರೆ ಗುಳ್ಳೆ ಏಳುತ್ತದೆಯೇ ನೋಡಬಹುದು, ಎದ್ದರೆ ಬೇಡ. ಕರಾವಳಿಯ ಮುರಕಲ್ಲು ಪುಡಿ ಉದುರಿಸುತ್ತದೆ, ಅದೂ ಬೇಡ. ಆರಿಸಿದ ಕಲ್ಲನ್ನು ಬ್ರಷ್ಷಿನಿಂದ ಉಜ್ಜಿ, ಕೆಲವು ದಿನ ನೀರು ಬದಲಿಸುತ್ತ ನೆನೆಹಾಕಿದರೆ ಸಾಕು. ಕುದಿಸಲು ಹೋಗಬಾರದು, ಒಳಗೆ ಸಿಕ್ಕಿಕೊಂಡ ತೇವ ಹಬೆಯಾಗಿ ಕಲ್ಲು ಸಿಡಿಯಬಹುದು.

ಕಲ್ಲಿಗೆ ಅಂದದ ಜೊತೆಗೆ ಭಾರವೂ ಇದೆ ಎಂಬುದು ಮರೆತುಹೋಗುವ ಇನ್ನೊಂದು ಸಂಗತಿ. 90 ಸೆಂಟಿಮೀಟರ್ ಉದ್ದ, 45 ಅಗಲ, 45 ಎತ್ತರದ ತೊಟ್ಟಿಯನ್ನು 40 ಸೆಂಟಿಮೀಟರ್ ಮಟ್ಟಕ್ಕೆ ತುಂಬಿದರೆ 162 ಲೀಟರ್. ಅದರಲ್ಲಿ 40 ಕಿಲೋ ಗ್ರಾನೈಟ್ ಇಟ್ಟರೆ ಕಲ್ಲು 15 ಲೀಟರ್ ನೀರಿನ ಜಾಗ ಕಬಳಿಸುತ್ತದೆ. ಗಾಜೂ ಸೇರಿ ಒಟ್ಟು ತೂಕ 200 ಕಿಲೋ ದಾಟುತ್ತದೆ. ಆದ್ದರಿಂದ ಮೇಜು ಗಟ್ಟಿಯಾಗಿರಬೇಕು, ಗಾಜಿನಡಿ ಥರ್ಮಾಕೋಲ್ ಹಾಳೆ ಇರಬೇಕು. ಅಡಿಗಲ್ಲುಗಳನ್ನು ಮರಳಿನ ಮೇಲಲ್ಲ, ನೇರ ತೊಟ್ಟಿಯ ತಳದ ಮೇಲೆ ತೆಳು ಪ್ಲಾಸ್ಟಿಕ್ ಜಾಲರಿ ಹಾಸಿ ಕೂರಿಸಬೇಕು. ಮರಳು ಆಮೇಲೆ. ಮೀನು ಬಾಯಿಂದ, ಬಾಲದಿಂದ ಮರಳು ಸರಿಸಿ ಗವಿಯ ನೆಲವನ್ನು ತನಗೆ ಬೇಕಾದಂತೆ ಮಾಡಿಕೊಳ್ಳುತ್ತದೆ; ಮರಳಿನ ಮೇಲೆ ನಿಂತ ಕಲ್ಲು ಆಗ ಅದರ ಮೇಲೆಯೇ ಕುಸಿಯುತ್ತದೆ. ಮೂರು ಕಲ್ಲಿನ ಒಲೆ ಹೂಡುವುದು ಬಲ್ಲವರಿಗೆ ಈ ಗವಿ ಕಷ್ಟವಲ್ಲ: ಎರಡು ಕಡೆ ಎರಡು, ಹಿಂದೆ ಒಂದು, ಮೇಲೊಂದು ಚಪ್ಪಡಿ; ಅಲುಗಾಡುವಲ್ಲಿ ಅಕ್ವೇರಿಯಂಗೆಂದೇ ಮಾರುವ ಸಿಲಿಕೋನ್ ಗೋಂದು. ಚಪ್ಪಡಿಯ ಮೇಲೆ ಮುಂದಿನ ಅಂತಸ್ತು. ಹೀಗೆ ಏರಿದ ಗುಡ್ಡ ಹಿಂಬದಿಯ ಗಾಜಿಗೆ ಒರಗಬಾರದು. ನಡುವೆ ನಾಲ್ಕು ಬೆರಳು ಬಿಟ್ಟರೆ ನೀರು ಹಿಂದಿನಿಂದಲೂ ಹಾಯುತ್ತದೆ.

ಆ ನೀರಿನ ಹಾದಿಯೇ ಕಲ್ಲಿನ ತೊಟ್ಟಿಯ ವಿರುದ್ಧ ಅನುಭವಿಗಳು ಎತ್ತುವ ಮೊದಲ ಆಕ್ಷೇಪಕ್ಕೆ ಉತ್ತರ. ಕಲ್ಲು ತುಂಬಿದರೆ ಸಂದುಗಳಲ್ಲಿ ಹಿಕ್ಕೆ, ತಿನ್ನದೆ ಬಿಟ್ಟ ಆಹಾರ ಸೇರಿ ಕೊಳೆಯುತ್ತದೆ. ಕೊಳೆತದ್ದರಿಂದ ಅಮೋನಿಯಾ ಏಳುತ್ತದೆ. ಅದಕ್ಕಿಂತ ಬರಿ ಗಾಜಿನ ತಳದ ತೊಟ್ಟಿಯೇ ವಾಸಿ ಎನ್ನುತ್ತಾರೆ ಅವರು. ಪ್ಲೆಕೊಗಳ ಹಿಕ್ಕೆಯ ಪ್ರಮಾಣ ನೋಡಿದವರು ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾರರು. ಆದರೆ ಕೊಳೆ ನಿಲ್ಲುವುದು ಕಲ್ಲಿರುವುದರಿಂದಲ್ಲ, ನೀರು ನಿಂತಿರುವುದರಿಂದ. ಗುಡ್ಡದ ಒಂದು ತುದಿಯಲ್ಲಿ ಪಂಪ್, ಇನ್ನೊಂದು ತುದಿಯಲ್ಲಿ ಫಿಲ್ಟರಿನ ಬಾಯಿ ಇಟ್ಟು, ತಾಸಿಗೆ ತೊಟ್ಟಿಯ ನೀರಿನ ಎಂಟು ಹತ್ತು ಪಟ್ಟು ಓಡಿಸಿದರೆ, ನಮ್ಮ 162 ಲೀಟರಿನ ಉದಾಹರಣೆಯಲ್ಲಿ ಸುಮಾರು 1,300ರಿಂದ 1,600 ಲೀಟರ್, ಕಸ ತಾನಾಗಿ ಒಂದು ಕಡೆಗೆ ಸಾಗುತ್ತದೆ. ಅದನ್ನು ಅಲ್ಲಿಂದ ಪೈಪಿನಲ್ಲಿ ಹೀರಿ ತೆಗೆಯುವುದು ವಾರಕ್ಕೊಮ್ಮೆಯ ಕೆಲಸ. ಕಲ್ಲಿನ ಒರಟು ಮೈಮೇಲೆ ಅಮೋನಿಯಾವನ್ನು ನೈಟ್ರೇಟ್ ಆಗಿಸುವ ಬ್ಯಾಕ್ಟೀರಿಯಾಗಳೂ ನೆಲೆಸುತ್ತವೆ. ಅವು ನೆಲೆಯೂರಲು ಕೆಲವು ವಾರ ಬೇಕು, ಅಲ್ಲಿಯವರೆಗೆ ಮೀನು ಬಿಡಬಾರದು. ಮೇಲ್ಮೈ ಕದಡುವಂತೆ ಪಂಪಿನ ಬಾಯಿ ತಿರುಗಿಸಿದರೆ ಆಮ್ಲಜನಕದ ಚಿಂತೆಯೂ ಅರ್ಧ ಕಳೆಯಿತು. ಕರೆಂಟು ಹೋಗುವ ಊರಿನಲ್ಲಿ ಬ್ಯಾಟರಿಯ ಏರ್‌ಪಂಪ್ ಒಂದಿರಲಿ. 30 ಡಿಗ್ರಿ ನೀರಿನಲ್ಲಿ ಹರಿವು ನಿಂತರೆ ಈ ಮೀನುಗಳಿಗೆ ಬಹಳ ಹೊತ್ತು ತಡೆಯುವ ಶಕ್ತಿಯಿಲ್ಲ.

ಎರಡನೆಯ ಆಕ್ಷೇಪ ಮನೆಮಂದಿಯದು. ಇಷ್ಟು ದುಡ್ಡು ಕೊಟ್ಟು ತಂದ ಮೀನು ಗವಿಯೊಳಗೇ ಕೂತರೆ ನೋಡುವುದೇನನ್ನು? ಗವಿ ಕಡಿಮೆ ಮಾಡಿದರೆ ಮೀನು ಹೆಚ್ಚು ಕಾಣುತ್ತದೆ ಎಂಬುದು ಈ ಮಾತಿನ ಹಿಂದಿನ ಲೆಕ್ಕ. ಲೆಕ್ಕ ತಲೆಕೆಳಗಾಗಿದೆ. ಅಡಗಲು ಜಾಗವಿಲ್ಲದ ಮೀನು ಫಿಲ್ಟರಿನ ಹಿಂದೆಯೋ ಮೂಲೆಯಲ್ಲೋ ಬಣ್ಣ ಕಳೆದುಕೊಂಡು ಅಲುಗಾಡದೆ ಬಿದ್ದಿರುತ್ತದೆ. ಕಣ್ಣಿಗೆ ಬಿದ್ದರೂ ಅದು ನೋಟವಲ್ಲ. ಒಂದು ನೆಗೆತದ ದೂರದಲ್ಲಿ ಬಾಗಿಲಿದೆ ಎಂದು ಖಾತ್ರಿಯಿರುವ ಮೀನು ಮಾತ್ರ ಧೈರ್ಯವಾಗಿ ಬಯಲಿಗೆ ಬಂದು ಮೇಯುತ್ತದೆ. ಇದಕ್ಕೆ ಅನುವು ಮಾಡಿಕೊಡುವ ಉಪಾಯಗಳೂ ಇವೆ. ಬೆಳಕು ಮಂದವಾಗಿರಲಿ, ಆ ಕಣ್ಣಿನ ಪರದೆ ನೆನಪಿರಲಿ. ಗವಿಯ ಬಾಯಿ ನೇರ ನೋಡುಗನ ಕಡೆಗಿರದೆ ತುಸು ಓರೆಯಾಗಿದ್ದರೆ ಮೀನಿಗೆ ಮರೆಯೂ ಉಂಟು, ನಮಗೆ ಇಣುಕುವ ಸಂದೂ ಉಂಟು. ಮೇಲ್ಮಟ್ಟದಲ್ಲಿ ಸಣ್ಣ ಟೆಟ್ರಾ ಮೀನುಗಳ ಗುಂಪು ನಿರಾತಂಕವಾಗಿ ಓಡಾಡುತ್ತಿದ್ದರೆ ಕೆಳಗಿನ ಮೀನು ಅದನ್ನೇ ಅಪಾಯವಿಲ್ಲವೆಂಬ ಸೂಚನೆಯಾಗಿ ತೆಗೆದುಕೊಳ್ಳುತ್ತದೆ. ರಾತ್ರಿ ಊಟಕ್ಕೆ ಮುಂಚೆ ದೀಪ ಆರಿಸಿ ಆಹಾರ ಹಾಕಿದರೆ ಹತ್ತು ನಿಮಿಷದಲ್ಲಿ ಬಾಗಿಲು ಬಾಗಿಲಲ್ಲೂ ಮೂತಿಗಳು ಕಾಣಿಸಿಕೊಳ್ಳುತ್ತವೆ.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಚುರುಕಾದದ್ದು. ಪ್ಲೆಕೊ ಮರಿಮಾಡಿಸುವುದನ್ನೇ ಕಸುಬು ಮಾಡಿಕೊಂಡವರ ತೊಟ್ಟಿಗಳಲ್ಲಿ ಬಂಡೆಯೂ ಇಲ್ಲ, ಗುಡ್ಡವೂ ಇಲ್ಲ. ಬರಿ ಗಾಜಿನ ತಳ, ಸಾಲಾಗಿ ಮಲಗಿಸಿದ ಸುಟ್ಟ ಮಣ್ಣಿನ ಕೊಳವೆಗಳು, ಗುಳ್ಳೆಯೇಳುವ ಸ್ಪಂಜ್ ಫಿಲ್ಟರ್. ಅಲ್ಲಿ ಮರಿಗಳು ಧಾರಾಳವಾಗಿ ಆಗುತ್ತವೆ. ಹಾಗಾದರೆ ಕಲ್ಲಿನ ನೈಸರ್ಗಿಕ ತೊಟ್ಟಿ ಮನುಷ್ಯನ ಶೋಕಿ ಎಂದಾಯಿತಲ್ಲ? ಇದನ್ನು ಒಪ್ಪಬೇಕು, ಒಪ್ಪಿದಷ್ಟೂ ನನ್ನ ವಾದ ಗಟ್ಟಿಯಾಗುತ್ತದೆ. ಕುಂಬಾರನ ಕೊಳವೆಗೂ ಶಿಂಗುವಿನ ಪೊಟರೆಗೂ ಮೀನು ಭೇದ ಮಾಡುವುದಿಲ್ಲ. ಅಳತೆ, ಕತ್ತಲು, ಒಂದೇ ಬಾಗಿಲು, ಎದುರಿನ ಹರಿವು ಇದ್ದರೆ ಅದಕ್ಕೆ ಅದೇ ಪೊಟರೆ. ನಿಸರ್ಗವನ್ನು ಹೆಚ್ಚು ನಿಷ್ಠೆಯಿಂದ ನಕಲು ಮಾಡಿದ್ದು ಚಿತ್ರದಂಥ ಬೆಟ್ಟ ಕಟ್ಟಿದವನಲ್ಲ, ಆ ಕೊಳವೆ ಮಾಡಿದವನೇ. ಹಾಗೆಂದು ಕಲ್ಲು ವ್ಯರ್ಥವೂ ಅಲ್ಲ. ಎದುರೆದುರು ಕೂತವರ ನಡುವೆ ಮರೆ ಒಡ್ಡುವುದು, ಹರಿವನ್ನು ಒಡೆದು ಕೆಲವೆಡೆ ಬಿರುಸು ಕೆಲವೆಡೆ ಶಾಂತ ಮಾಡುವುದು, ಗವಿಯಿಂದಾಚೆ ಮೇಯಲು ಮೈಯೊದಗಿಸುವುದು ಇವೆಲ್ಲ ಕಲ್ಲಿನ ಕೆಲಸ. ಕೊಳವೆಯನ್ನು ಕಲ್ಲಿನ ನಡುವೆ ಹುದುಗಿಸಿ ಬಾಯಿ ಮಾತ್ರ ಕಾಣಿಸುವುದು ಎರಡೂ ಪಕ್ಷಕ್ಕೆ ಒಪ್ಪುವ ರಾಜಿ. ಮರಿಗಳಿವೆಯೇ ಎಂದು ನೋಡಬೇಕಾದಾಗ ಗುಡ್ಡ ಕೆಡವದೆ ಕೊಳವೆ ಎತ್ತಬಹುದು.

ಗವಿಯ ಲೆಕ್ಕ ಹಿಡಿದರೆ ಯಾವ ಮೀನನ್ನು ತರಬಾರದು ಎಂಬುದೂ ತಿಳಿಯುತ್ತದೆ. ನಾವು ಆರಂಭದಲ್ಲಿ ನೋಡಿದ ಅಂಗಡಿಯ ಸಕ್ಕರ್ ಸಾಮಾನ್ಯವಾಗಿ ಟೆರಿಗೋಪ್ಲಿಕ್ತಿಸ್ ಎಂಬ ಗುಂಪಿನದು. ಬೆರಳುದ್ದದ ಮರಿಯಾಗಿ ಬಂದು 40 ಸೆಂಟಿಮೀಟರಿಗೂ ಮೀರಿ ಬೆಳೆಯುವ ಇದಕ್ಕೆ ಮನೆಯ ತೊಟ್ಟಿಯಲ್ಲಿ ಗವಿ ಕಟ್ಟುವುದೆಂದರೆ ಒಳಚರಂಡಿ ಪೈಪು ಹೂಳುವ ಕೆಲಸ. ಪಾಚಿಯಷ್ಟನ್ನೇ ತಿಂದು ಬದುಕುತ್ತದೆ ಎಂಬುದೂ ತಪ್ಪು ನಂಬಿಕೆ. ತಿಂದದ್ದಕ್ಕಿಂತ ಹೆಚ್ಚು ಹೊಲಸನ್ನು ತಾನೇ ಮಾಡುತ್ತದೆ. ಜಾಗ ಸಾಲದಾದಾಗ ಜನ ‘ಪಾಪ’ ಎಂದು ಕೆರೆಗೋ ಹೊಳೆಗೋ ಬಿಡುತ್ತಾರೆ. ಹೀಗೆ ಹೊರಬಿದ್ದ ಮೀನುಗಳು ಕೇರಳ, ತಮಿಳುನಾಡು, ಆಂಧ್ರ, ಪಶ್ಚಿಮ ಬಂಗಾಳದ ನೀರುಗಳಲ್ಲಿ ನೆಲೆಯೂರಿ, ಬಲೆ ಹರಿಯುವ, ಮಾರುಕಟ್ಟೆಯಲ್ಲಿ ಬೆಲೆಯಿಲ್ಲದ ಪಿಡುಗಾಗಿವೆ. ಜಠರದಿಂದಲೂ ಗಾಳಿ ಹೀರಿ ಉಸಿರಾಡಬಲ್ಲ ಇವನ್ನು ಕೊಳೆತ ನೀರೂ ಕೊಲ್ಲದು. ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಬಂಡೆಯ ಪೊಟರೆ ಸಿಗದ ಮಣ್ಣಿನ ದಡಗಳಲ್ಲಿ ಈ ಮೀನು ಬಾಯಿ ರೆಕ್ಕೆಗಳಿಂದ ತಾನೇ ಬಿಲ ತೋಡುತ್ತದೆ, ಅದರೊಳಗೇ ಮೊಟ್ಟೆಯಿಟ್ಟು ಕಾಯುತ್ತದೆ. ಫ್ಲಾರಿಡಾದ ಕಾಲುವೆಗಳಲ್ಲೂ ಮೆಕ್ಸಿಕೋದ ನದಿಗಳಲ್ಲೂ ಹೀಗೆ ದಡ ಜರಿದದ್ದು ದಾಖಲಾಗಿದೆ. ಗವಿ ಎಂಬುದು ಈ ಕುಲಕ್ಕೆ ಅಲಂಕಾರವೋ ಅಗತ್ಯವೋ ಎಂದು ಇನ್ನೂ ಅನುಮಾನವಿದ್ದವರಿಗೆ ಆ ಜರಿದ ದಡವೇ ಉತ್ತರ. ಮನೆ ತೊಟ್ಟಿಗೆ ಬ್ರಿಸಲ್‌ನೋಸ್‌ನಂಥ, 12ರಿಂದ 15 ಸೆಂಟಿಮೀಟರಿಗೆ ನಿಲ್ಲುವ, ತೊಟ್ಟಿಯಲ್ಲೇ ಹುಟ್ಟಿ ಬೆಳೆದ ಮೀನು ಸಾಕು. ಯಾವ ಮೀನನ್ನೂ ಹೊರನೀರಿಗೆ ಬಿಡಬಾರದು.

ಕೊನೆಯ ಆಕ್ಷೇಪ ನೈತಿಕವಾದದ್ದು: ನದಿಯ ಮೀನನ್ನು ಗಾಜಿನಲ್ಲಿಟ್ಟು ನದಿಯಂತೆ ಸಿಂಗರಿಸುವುದು ಯಾವ ನ್ಯಾಯ? ನದಿಯಿಂದ ಹಿಡಿದು ತಂದ ಮೀನಿನ ಮಟ್ಟಿಗೆ ಇದಕ್ಕೆ ಸಮಾಧಾನವಿಲ್ಲ. ಜೀಬ್ರಾ ಪ್ಲೆಕೊ ಅತಿಯಾದ ಬೇಟೆಯಿಂದ ಮೊದಲೇ ಸೊರಗಿತ್ತು. ಬ್ರೆಜಿಲ್ ರಫ್ತು ನಿಷೇಧಿಸಿದ ಮೇಲೂ ಕಳ್ಳಸಾಗಣೆ ನಿಲ್ಲಲಿಲ್ಲ. ಆಮೇಲೆ ಶಿಂಗುವಿಗೆ ಬೆಲೊ ಮೊಂಟೆ ಅಣೆಕಟ್ಟು ಬಂತು. 11,233 ಮೆಗಾವಾಟ್ ಸಾಮರ್ಥ್ಯದ ಈ ಯೋಜನೆ 2016ರಲ್ಲಿ ವಿದ್ಯುತ್ ಉತ್ಪಾದನೆ ಆರಂಭಿಸಿತು. ಮಹಾ ತಿರುವಿಗೆ ಹೋಗಬೇಕಾದ ನೀರಿನಲ್ಲಿ ಶೇಕಡಾ 80ರವರೆಗೆ ಕಾಲುವೆಯತ್ತ ತಿರುಗಿಸುವ ಶಕ್ತಿ ಅದಕ್ಕಿದೆ. ಗವಿಗಳು ಇದ್ದಲ್ಲೇ ಇವೆ, ಅವುಗಳ ಮೇಲಿನ ನೀರಿನ ಓಟ ಸೊರಗಿದೆ. 2022ರಲ್ಲಿ ಪನಾಮಾದಲ್ಲಿ ನಡೆದ ಸೈಟಿಸ್ (ವನ್ಯಜೀವಿ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಸಮ್ಮೇಳನ ಈ ಮೀನನ್ನು ತನ್ನ ಎರಡನೆಯ ಅನುಬಂಧಕ್ಕೆ ಸೇರಿಸಿತು. ಹಾಗಾಗಿ ಯಾರೇ ಕೊಳ್ಳುವ ಮುನ್ನ ಮೂಲದ ದಾಖಲೆ ಕೇಳಲೇಬೇಕು, ನಮ್ಮ ವನ್ಯಜೀವಿ ಕಾಯ್ದೆಯ ನೋಂದಣಿ ನಿಯಮ ವಿಚಾರಿಸಲೇಬೇಕು. ಇತ್ತ ಇಂಡೊನೇಷ್ಯಾ, ಯುರೋಪಿನ ತೊಟ್ಟಿಗಳಲ್ಲಿ ತಲೆಮಾರುಗಳಿಂದ ಇದೇ ಮೀನು ಮಣ್ಣಿನ ಕೊಳವೆಗಳಲ್ಲಿ ಮರಿ ಮಾಡುತ್ತಿದೆ. ಹಾಗೆ ಹುಟ್ಟಿದ ಪ್ರತಿ ಮರಿಯೂ ನದಿಯಿಂದ ಹಿಡಿಯಬೇಕಾದ ಒಂದು ಮೀನಿಗೆ ಬದಲಿಯಾಗಬಹುದು, ಶಿಂಗುವಿಗೇ ಬದಲಿಯಾಗದು. ತೊಟ್ಟಿಯಲ್ಲಿ ಪಂಪಿನ ಗುಂಡಿ ಒತ್ತಿದರೆ ಗವಿಯ ಮುಂದೆ ನೀರು ಓಡುತ್ತದೆ. ಮಹಾ ತಿರುವಿನಲ್ಲಿ ಆ ಗುಂಡಿ ಈಗ ಅಣೆಕಟ್ಟಿನ ಗೇಟಿನಲ್ಲಿದೆ.